ಕರಿಬೇವಿನ ಮನೆಯವಳು

ಕೊಡಗಿನಲ್ಲಿ ಹೊಸಬರು ಎದುರಾದರೆ ನಾವು ಕ್ಷೇಮ ಕೇಳುವುದಕ್ಕೂ ಮೊದಲು ಕೇಳುವುದು ಒಂದೇ: ಯಾವ ಮನೆ? ನಮ್ಮದು ಇನ್ನೂ ಅಂಗೈಯಗಲದ ಪ್ರತ್ಯೇಕ ರಾಜ್ಯ. ಎದುರಿಗಿರುವವರ ಮನೆ ಹೆಸರು ತಿಳಿಯದಿದ್ದರೆ ಕುಡಿದ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. (ನನಗಂತೂ ಇಳಿಯುವುದಿಲ್ಲ.)

ಹೀಗಾಗಿ, ಸಿಲೋನಿನಿಂದ ಕಾಗದಪತ್ರವಿಲ್ಲದೆ ಏಕಾಏಕಿ ಮರಳಿದ ಕೂಲಿಯವರಿಗೆಂದು ಸುಂಟಿಕೊಪ್ಪದಲ್ಲಿ ನೆರವಿನ ಕಮಿಟಿ ಮಾಡಿದಾಗ, ಫಾರಂ ಬರೆದ ಮಹಾನುಭಾವನಾದ ನಾನು ಹೆಸರಿನ ಕೆಳಗೇ 'ಮನೆ ಹೆಸರು' ಎಂದು ಒಂದು ಗೆರೆ ಎಳೆದೆ. ಇಲ್ಲಿಯವರೆಂದು ತೋರಿಸಿದರೆ ಅಕ್ಕಿ, ಕಂಬಳಿ, ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಂದು ಕೋಣೆ. ಇಲ್ಲದಿದ್ದರೆ ಮರುದಿನದ ಬಸ್ಸಿಗೆ ಹತ್ತಿಸಿ ರಾಜ್ಯದ ಗಡಿಯಾಚೆಯ ಕ್ಯಾಂಪಿಗೆ.

ಕಳೆದ ವಾರ ಬಂದವಳು ದೇವಮ್ಮ. ಮಡಿಲಲ್ಲಿ ಜ್ವರದ ಮೊಮ್ಮಗಳು. ತಾನು ಇಲ್ಲಿಯ ಲೈನಿನಲ್ಲೇ ಹುಟ್ಟಿದ್ದು, ಹನ್ನೆರಡು ವರ್ಷಕ್ಕೆ ಅಪ್ಪ ಅವ್ವನ ಜೊತೆ ಹಡಗು ಹತ್ತಿದ್ದು ಎಂದಳು. ಮನೆ ಹೆಸರು ಕೇಳಿದೆ.

"ಲೈನಿನ ಕೊನೇ ಕೋಣೆ ಸಾಮಿ. ಹಿಂದ್ಗಡೆ ನಮ್ಮವ್ವ ಕರಿಬೇವು ನೆಟ್ಟಿದ್ಲು."

ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ವಿಚಾರಿಸಿದರೆ, ಅವಳು ಹೇಳುವ ಜಾಗದಲ್ಲಿ ಲೈನ್ ಇದ್ದದ್ದೇ ಇಲ್ಲ, ಬರೀ ಕಾಫಿ ಎಂದರು. ನಮ್ಮ ಕಾರ್ಯದರ್ಶಿಗಳು ಫಾರಂ ಮಡಚಿಟ್ಟರು.

ನಾನು ದೇವಮ್ಮನ ಜೊತೆ ತೋಟಕ್ಕೆ ಹೊರಟೆ. ಯಾಕೆ? ನಾಚಿಕೆಯಾಗಿತ್ತು, ಅಷ್ಟೆ.

ಕಾಫಿ ಅರಳಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನವಾಗಿತ್ತು. ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ. ಕಾಫಿ ಹೂವಿನ ಆ ಘಮದಲ್ಲಿ ನಡೆಯುತ್ತಿದ್ದರೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯುವುದಿಲ್ಲ. ಜೇನುನೊಣಗಳ ಸದ್ದಿನಲ್ಲಿ ನಮ್ಮ ಮಾತೂ ಕರಗಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ದೇವಮ್ಮ ನಿದ್ದೆಯಲ್ಲಿ ನಡೆಯುವವಳ ಹಾಗೆ ಮುಂದೆ ಹೋಗುತ್ತಿದ್ದಳು. ಇಲ್ಲಿ ನೀರಿನ ತೊಟ್ಟಿ, ಇಲ್ಲಿ ಅಪ್ಪ ಕೂರುವ ಕಲ್ಲು ಎಂದು ಬರೀ ಗಾಳಿಗೆ ಬೆರಳು ತೋರಿಸುತ್ತಿದ್ದಳು. ನನಗೆ ಹೂವು ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ತೊಟ್ಟಿಗೆ ಡಿಕ್ಕಿ ಹೊಡೆಯಬಾರದೆಂದು ಸುತ್ತು ಬಳಸಿ ನಡೆದೆ!

ಒಂದು ಕಡೆ ನಿಂತಳು. ಬಗ್ಗಿ ಎಲೆಯೊಂದನ್ನು ಕಿತ್ತು, ಉಜ್ಜಿ, ನನ್ನ ಮೂಗಿನ ಹತ್ತಿರ ಹಿಡಿದಳು.

ಅಷ್ಟೊಂದು ಹೂವಿನ ನಡುವೆ ಒಗ್ಗರಣೆಯ ವಾಸನೆ. ಕಾಫಿ ಸಾಲಿನ ಮಧ್ಯೆ ಯಾವ ಸಾಹುಕಾರ ಕರಿಬೇವು ನೆಡುತ್ತಾನೆ? ತಾಯಿಗಿಡ ಎಂದೋ ಹೋಗಿತ್ತು. ಬೇರಿನಿಂದ ಎದ್ದ ಮರಿಗಳು ಮೊಣಕಾಲೆತ್ತರ ನಿಂತಿದ್ದವು.

"ಕಳೆ ಕೀಳೋ ಹೆಂಗಸ್ರು ಕೀಳ್ದೆ ಬಿಟ್ಟವ್ರೆ," ಎಂದಳು ದೇವಮ್ಮ. "ಸಾರಿಗೆ ಆಯ್ತದೆ ಅಂತ."

ನನ್ನ ಕಣ್ಣು ತುಂಬಿತು. ಅವಳದ್ದು ಒಣಗಿಯೇ ಇತ್ತು.

ವಾಪಸು ಬಂದು, ಮಡಚಿದ ಫಾರಂ ಬಿಡಿಸಿ, ನಾನೇ ಎಳೆದ ಗೆರೆಯ ಮೇಲೆ 'ಕರಿಬೇವು' ಎಂದು ಬರೆದೆ. ಕಾರ್ಯದರ್ಶಿಗಳು ಕನ್ನಡಕ ಏರಿಸಿದರು.

"ಇದ್ಯಾವ ಮನೆ ಹೆಸ್ರು ಮಾರಾಯ?"

ಅವರ ಮನೆ ಹೆಸರಿನಲ್ಲಿ ಒಂದು ಹಲಸಿನ ಮರವಿದೆ. (ನನ್ನದರಲ್ಲಿ ಬರೀ ಬಂಡೆ.) ಅದನ್ನು ನೆನಪಿಸಿದೆ. ಕನ್ನಡಕ ಇಳಿಸಿ ಸಹಿ ಹಾಕಿದರು. ಮಗು ಆ ಸಂಜೆ ಕಂಬಳಿಯೊಳಗೆ, ಲೈನಿನ ಕೋಣೆಯಲ್ಲಿ ಮಲಗಿತು.

ನಾವೂ ಇಲ್ಲಿಗೆ ಎಲ್ಲಿಂದಲೋ ಬಂದವರೇ. ಬಂದ ಮೊದಲ ದಿನ ನಮ್ಮ ಅಜ್ಜಂದಿರನ್ನು ಯಾರಾದರೂ ತಡೆದು 'ಯಾವ ಮನೆ?' ಎಂದಿದ್ದರೆ, ಅವರು ಏನೆಂದು ಬರೆಸುತ್ತಿದ್ದರು?