ಅಮ್ಮ ಅಂದದ್ದು, ನಾನು ಹೇಳಿದ್ದು

ಅಮ್ಮನ ಮಾತನ್ನು ನಾನು ನಿನಗೆ ತಿರುಚಿ ಹೇಳಿದೆ, ಮಾರಿಸೆಲ್. ಬಾಯಿತಪ್ಪಿ ಅಲ್ಲ — ಬೇಕೆಂದೇ.

ಎರಡು ವರ್ಷವಾಯಿತು. ಅಮ್ಮ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಇಲ್ಲಿ ಗಲ್ಫಿಗೆ, ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಅಣ್ಣ ಮದುವೆಯಾಗಬೇಕೆಂದಿದ್ದ ಫಿಲಿಪೀನ್ಸ್ ಹುಡುಗಿ ನೀನು, ಅಮ್ಮನನ್ನು ಮೊದಲ ಸಲ ನೋಡಲು ಬಂದೆ — ನಿಮ್ಮೂರಿನ ಸಿಹಿ ಹಿಡಿದುಕೊಂಡು. ಹೋಳು ಮಾಡಿದ ಬೆಣ್ಣೆಹಣ್ಣು, ಹಾಲು, ಸಕ್ಕರೆ, ಮೇಲೆ ಪುಡಿ ಮಾಡಿದ ಐಸ್. ಅಣ್ಣ ಪಾರ್ಕಿಂಗ್ ಹುಡುಕುತ್ತ ಕೆಳಗೇ ಉಳಿದಿದ್ದ. ಅಮ್ಮನಿಗೆ ಇಂಗ್ಲಿಷ್ ಬಾರದು, ನಿನಗೆ ನಮ್ಮ ಕೊಂಕಣಿ ಬಾರದು. ನಡುವೆ ನಾನೊಬ್ಬಳೇ.

ಈ ಮದುವೆ ಬೇಡವೆಂದು ಅಣ್ಣನ ಜತೆ ತಿಂಗಳುಗಟ್ಟಲೆ ವಾದಿಸಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಲ್ಲವೇ! ಇಬ್ಬರೂ ಒಂದೇ ಚರ್ಚಿಗೆ ಹೋಗುವವರು, ಸರಿ. ಆದರೆ ಅಮ್ಮ ಮತ್ತು ನೀನು ಒಂದೇ ಅಡುಗೆಮನೆಯಲ್ಲಿ ನಿಲ್ಲುವುದುಂಟೇ? ಅದೇ ನನ್ನ ಕೊನೆಯ ಅಸ್ತ್ರ.

ಅಮ್ಮ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದಳು. ದವಡೆ ಒತ್ತಿಕೊಂಡೇ ಅಂದಳು: "ಅಯ್ಯೋ, ಹಲ್ಲು ಜುಂ ಅಂತು ಮಾರಾಯ್ತಿ! ರುಚಿ ಮಾತ್ರ ಲಾಯ್ಕ್ ಉಂಟು. ಬರುವ ಆದಿತ್ಯವಾರ ಐಸ್ ಹಾಕದೆ ಮಾಡ್ಲಿಕ್ಕೆ ಹೇಳು, ನಾನು ಹತ್ತಿರ ನಿಂತು ಕಲಿತೇನೆ."

ನಾನು ನಿನಗೆ ಹೇಳಿದ್ದು: "ಅಮ್ಮನಿಗೆ ಇಂಥದ್ದು ಸೇರುವುದಿಲ್ಲ. ಇನ್ನು ತೊಂದರೆ ತೆಗೆದುಕೊಳ್ಳಬೇಡ."

ಎದುರಾಳಿಗೆ ಅನುಕೂಲವಾದ ಸಾಕ್ಷ್ಯವನ್ನು ನಾನೇಕೆ ಒದಗಿಸಲಿ ಎಂದುಕೊಂಡೆನೋ, ಅಥವಾ... ನೀನು "ಸಾರಿ, ಆಂಟಿ" ಎಂದು ಬಟ್ಟಲು ಎತ್ತಿಕೊಂಡೆ.

"ಯಾಕೆ ತೆಗೆದಳು? ನಾನು ತಿಂದಾಗಲಿಲ್ಲ!" ಅಮ್ಮ ನನ್ನನ್ನು ಕೇಳಿದಳು.

"ಡ್ಯೂಟಿಗೆ ಹೊತ್ತಾಯಿತಂತೆ" ಎಂದೆ. ಅಣ್ಣ ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದಿತ್ಯವಾರ ಅಮ್ಮ ಕಾದಳು. ನೀನು ಬರಲಿಲ್ಲ.

ಅಣ್ಣ ನನ್ನ ವಾದಕ್ಕೆ ಸೊಪ್ಪು ಹಾಕಲಿಲ್ಲ, ಪುಣ್ಯ. ಈಗ ಬರುವ ತಿಂಗಳು ಇಲ್ಲಿನ ಊದ್ ಮೇಥಾದ ಚರ್ಚಿನಲ್ಲಿ ನಿಮ್ಮ ಮದುವೆ. ಆದರೆ ಅಮ್ಮ ನಿನ್ನನ್ನು ಸಹಿಸಿಕೊಂಡಿದ್ದಾಳೆ ಅಷ್ಟೇ ಎಂದು ನೀನು ಈಗಲೂ ನಂಬಿದ್ದೀ. ಅಮ್ಮನೋ, ಮದುವೆಗೆಂದು ಮೊನ್ನೆ ವಿಮಾನ ಇಳಿದವಳೇ ಕೇಳಿದಳು: "ಆ ಹುಡುಗಿ ನನಗೆ ಕಲಿಸಲೇ ಇಲ್ಲ. ನನ್ನ ಮೇಲೆ ಕೋಪವಾ?"

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. "ಅವಳು ಬರಲಿ" ಎಂದಳು, ಅಷ್ಟೇ. ಆಮೇಲಿನಿಂದ, ಹಣ್ಣಾಗಲೆಂದು ಅಕ್ಕಿಯಲ್ಲಿ ಹುಗಿದಿಟ್ಟ ಬೆಣ್ಣೆಹಣ್ಣನ್ನು ಆಗಾಗ ಹೋಗಿ ಒತ್ತಿ ನೋಡುತ್ತಿದ್ದಾಳೆ.

ಇದನ್ನು ನಿನಗೆ ಓದಲು ಬಾರದ ಕನ್ನಡದಲ್ಲಿ ಬರೆದೆ — ಹೇಡಿತನವೇ. ಸಂಜೆ ನೀನು ಬರುತ್ತೀ. ಅಮ್ಮನ ಎದುರೇ ಕೂತು, ಮೊದಲ ಸಾಲಿನಿಂದ ಇದನ್ನು ನಿನಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಈ ಸಲ ಒಂದು ಮಾತೂ ಬಿಡದೆ.