ತೊಳೆಯದೆ ಬಿಟ್ಟ ತಲೆ

ಅವರ ಮೊಣಕಾಲಿನ ಕೆಳಗೆ ಒಂದು ಕೂದಲೂ ಇರಲಿಲ್ಲ. ಎಣ್ಣೆ ಹಚ್ಚಿದ ಶಿಶುಗಳನ್ನು ವರ್ಷಗಟ್ಟಲೆ ಮಲಗಿಸಿ ಮಲಗಿಸಿ ಆ ಎರಡು ಕಾಲುಗಳು ಹಳೆಯ ಮಣೆಯಂತೆ ಹೊಳೆಯುತ್ತಿದ್ದವು. ಮೂಡುಬಿದಿರೆಯ ಗಣ್ಯರಲ್ಲಿ ಅರ್ಧ ಪಾಲು ಜನ ತಮ್ಮ ಸಾರ್ವಜನಿಕ ಜೀವನವನ್ನು ಆ ಕಾಲುಗಳ ಮೇಲೆ ಬೆತ್ತಲೆಯಾಗಿ, ಅಳುತ್ತಾ ಆರಂಭಿಸಿದವರು. ಪೇಟೆಯಲ್ಲಿ ಎದುರಾದಾಗ ಅವರೆಲ್ಲ ಬೇರೆ ಕಡೆ ನೋಡುತ್ತಿದ್ದುದಕ್ಕೆ ಇನ್ನೊಂದು ಕಾರಣ ನನಗೆ ತೋಚುವುದಿಲ್ಲ.

ಬಾಣಂತಿಗೂ ಮಗುವಿಗೂ ನೀರು ಹೊಯ್ಯುವುದು ಅವರ ಕೆಲಸ. ಬೆಳುವಾಯಿಯಿಂದ ನಡೆದೇ ಬರುತ್ತಿದ್ದರು. ನಾವು 'ಮೀಯಿಸುವ ಅಕ್ಕ' ಎನ್ನುತ್ತಿದ್ದೆವು. ಊರಿಡೀ ತುಳು ಮಾತನಾಡುವ ಅವರು, ಹೈಸ್ಕೂಲಿನ ವಿಜ್ಞಾನದ ಮಾಸ್ಟ್ರ ಮನೆ ಎಂಬ ಗೌರವದಿಂದ ನಮ್ಮ ಅಂಗಳಕ್ಕೆ ಕಾಲಿಟ್ಟ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು.

ಅವರಿಗೊಂದು ಅಭ್ಯಾಸ. ಸ್ನಾನಕ್ಕೆ ಮೊದಲು ಮಗುವಿನ ನೆತ್ತಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಡುವ ನ್ಯಾಯಾಧೀಶರಂತೆ ನಿಧಾನವಾಗಿ ಮೂಸುವುದು. ಆಮೇಲೆ "ಹಿಡಿದುಂಟು" ಅಥವಾ "ಇನ್ನೂ ಹಿಡೀಲಿಲ್ಲ".

"ಎಂತದು ಹಿಡಿಯುವುದು?" ಎಂದು ಕೇಳಿದ್ದೆ.

"ತಾಯಿ ಮಾಸ್ಟ್ರೇ. ಹಿಟ್ಟಿಗೆ ಹುಳಿ ಹಿಡೀಬೇಕಲ್ಲ, ಹಾಗೆ ಬಾಲೆಗೆ ತಾಯಿ ಹಿಡೀಬೇಕು."

ನಾನು ನಕ್ಕಿದ್ದೆ. ನಗುವುದಕ್ಕೂ ಸರಕಾರ ನನಗೆ ಸಂಬಳ ಕೊಡುತ್ತಿತ್ತು.

ನಮಗೆ ಇನ್ನೊಂದು ವ್ಯವಹಾರವೂ ಇತ್ತು. ಯೀಸ್ಟಿನ ಪಾಠಕ್ಕೆ ಪ್ರತಿವರ್ಷ ಒಂದು ತೊಟ್ಟು ಕಳ್ಳು ಬೇಕು. ಆಗ ಪಾನನಿರೋಧದ ಕಾಲ. ಅಕ್ಕನ ತಮ್ಮ ಮರ ಹತ್ತುವವನು. ಅವನ ಮಡಕೆಯಿಂದ ಅಕ್ಕನ ಸೆರಗಿನ ಮರೆಯಲ್ಲಿ, ಮಸಿಕುಡಿಕೆಯೊಳಗೆ ಅದು ಬರುತ್ತಿತ್ತು. ವಿಜ್ಞಾನಕ್ಕಾಗಿ ನಾನು ಮಾಡಿದ ಅಪರಾಧ ಅದೊಂದೇ. ಅದರಲ್ಲಿ ಜೀವಿಗಳಿವೆ ಎಂದು ನಾನು ಗಂಭೀರವಾಗಿ ತಿಳಿಸಿದಾಗ, "ಜೀವ ಇಲ್ಲದೆ ನೊರೆ ಹೇಗೆ ಬರ್ತದೆ ಮಾರಾಯ್ರೇ" ಎಂದು ಅವರೇ ನನ್ನನ್ನು ಕನಿಕರದಿಂದ ನೋಡಿದರು.

ನನ್ನ ಮಗಳು ಹುಟ್ಟಿದಾಗಲೂ ಅವರೇ ಬಂದರು. ಒಂಬತ್ತು ದಿನ ಮಗು ತಾಯಿಯ ಎದೆಗೆ ಅಂಟಿಕೊಂಡೇ ಇತ್ತು. ಹತ್ತನೆಯ ದಿನ ಹೆಂಡತಿಗೆ ಜ್ವರ ಏರಿತು. ಮಗುವನ್ನು ಮನೆಯಲ್ಲೇ ಬಿಟ್ಟು ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಂದಿರುಗಿದಾಗ ನಾನೊಬ್ಬನೇ ಇದ್ದೆ.

ಮೂರು ವಾರ ಕಳೆಯಿತು. ಮಗುವಿನ ನೆತ್ತಿಯ ಮೇಲೆ ಹಳದಿ ಹೊಪ್ಪಳೆ ಕಟ್ಟಿತು. ಬಂಟ್ವಾಳದಿಂದ ಬಂದು ಮಗುವಿನ ಆರೈಕೆಗೆ ನಿಂತಿದ್ದ ನನ್ನ ದೊಡ್ಡಮ್ಮ ಕೆಂಪು ಸಾಬೂನು, ಒರಟು ಬಟ್ಟೆ, ಬಾಚಣಿಗೆ ಹಿಡಿದು ಯುದ್ಧಕ್ಕೆ ಹೊರಟರು.

"ಕಜ್ಜಿ ಎದ್ದಿದೆ. ಉಜ್ಜಿ ತೆಗೆದುಬಿಡು," ಎಂದು ಅಕ್ಕನಿಗೆ ಅಪ್ಪಣೆಯಾಯಿತು.

ಅಕ್ಕ ನೆತ್ತಿ ಮೂಸಿದರು. ಎಂದಿಗಿಂತ ಹೆಚ್ಚು ಹೊತ್ತು. ಆಮೇಲೆ ಮಗುವನ್ನು ಕಾಲ ಮೇಲಿಂದ ಎತ್ತಿ ಮಡಿಲಿಗೆ ಹಾಕಿಕೊಂಡರು.

"ಕಜ್ಜಿ ಅಲ್ಲ ಅಮ್ಮ. ಎಣ್ಣೆ ಹಚ್ಚಿದರೆ ತಾನಾಗಿ ಬಿಡ್ತದೆ. ಉಜ್ಜಲಿಕ್ಕೆ ನನ್ನಿಂದ ಆಗುವುದಿಲ್ಲ."

"ಕೊಳೆ ತೊಳೆಯಲಿಕ್ಕಲ್ಲವಾ ನಿನ್ನನ್ನು ಕರೆದದ್ದು?"

ಅಕ್ಕ ಉತ್ತರವನ್ನು ನನಗೆ ಹೇಳಿದರು. "ಮಾಸ್ಟ್ರೇ, ನನ್ನ ತಮ್ಮ ಕಳ್ಳಿನ ಮಡಕೆಯನ್ನು ಪೂರ್ತಿ ತೊಳೆಯುವುದಿಲ್ಲ. ತಳದಲ್ಲಿ ಹಳತು ಒಂಚೂರು ಬಿಡ್ತಾನೆ. ಅದು ಹೋದರೆ ಹೊಸತಕ್ಕೆ ಹಿಡಿಯಲಿಕ್ಕೆ ಎಂತ ಉಂಟು? ಈ ತಲೆಯಲ್ಲಿ ತಾಯಿ ಉಂಟು. ಬೇರೆಲ್ಲಿಯೂ ಇಲ್ಲ ಈಗ."

ದೊಡ್ಡಮ್ಮ ಸಾಬೂನು ಕೆಳಗಿಟ್ಟರು.

ಮರುದಿನ ಉದುರಿದ ಒಂದು ಹೊಪ್ಪಳೆಯನ್ನು ಕಾಗದದಲ್ಲಿ ಮಡಚಿ ಶಾಲೆಗೆ ಒಯ್ದೆ. ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದ ಸೂಕ್ಷ್ಮದರ್ಶಕದಡಿ, ಹೊಪ್ಪಳೆಗೆ ನೀಲಿ ಬಣ್ಣ ಹಚ್ಚಿ ಇಟ್ಟು ನೋಡಿದರೆ, ಸಣ್ಣ ಸಣ್ಣ ಕುಪ್ಪಿಗಳಂಥವು, ಮಗ್ಗುಲಲ್ಲಿ ಮೊಗ್ಗು ಬಿಟ್ಟುಕೊಂಡು ಕುಳಿತಿದ್ದವು. ಕಳ್ಳಿನಲ್ಲಿ ಕಂಡವುಗಳ ದಾಯಾದಿಗಳು. ಅಕ್ಕನನ್ನೂ ಕರೆಸಿ ತೋರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಕೈ ಅಡ್ಡ ಹಿಡಿದು ನೋಡಿದರು.

"ಇಷ್ಟು ದೊಡ್ಡ ಕನ್ನಡಕ ಬೇಕಾಯ್ತಾ ನಿಮಗೆ," ಎಂದರು.

ಅಂಥ ಜೀವಿಗಳು ಶಿಶುವಿನ ಚರ್ಮಕ್ಕೆ ಹೆಚ್ಚಾಗಿ ತಾಯಿಯ ಚರ್ಮದಿಂದಲೇ ದಾಟುತ್ತವೆ, ಮೈಯ ಜಿಡ್ಡನ್ನೇ ತಿಂದು ಬದುಕುತ್ತವೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಆಗ ನನಗೆ ತಿಳಿದಿದ್ದದ್ದು ಇಷ್ಟೇ: ಅಲ್ಲಿ ಏನೋ ಜೀವಂತವಾಗಿದೆ.

ಮಗಳಿಗೆ ಏಳು ತುಂಬಿದ ವರ್ಷ ಅಕ್ಕ ಹಾಸಿಗೆ ಹಿಡಿದರು. ಅವಳನ್ನು ಬೆಳುವಾಯಿಗೆ ಕರೆದುಕೊಂಡು ಹೋದೆ. ಹತ್ತಿರ ಕೂರಿಸಿಕೊಂಡು ನೆತ್ತಿಗೆ ಮೂಗು ಇಟ್ಟರು. ಇಟ್ಟೇ ಇದ್ದರು. ತೀರ್ಪು ಬರಲಿಲ್ಲ.

"ಮೂಗು ಸತ್ತಿದೆ ಮಾಸ್ಟ್ರೇ. ಅನ್ನ ಸೀದರೂ ಗೊತ್ತಾಗುವುದಿಲ್ಲ. ನೀವು ನೋಡಿ ಹೇಳಿ."

ಐದು ವರ್ಷ ಜೊತೆಗಿದ್ದ ಹೆಂಡತಿಯ ನೆತ್ತಿಯ ವಾಸನೆ ಹೇಗಿತ್ತೆಂದು ನಾನು ಗಮನಿಸಿದವನಲ್ಲ. ಮಗಳ ತಲೆಯನ್ನಾದರೂ ಅದುವರೆಗೆ ಮೂಸಿರಲಿಲ್ಲ. ಏನೂ ಇಲ್ಲದಿದ್ದರೆ ಎಂಬ ಹೆದರಿಕೆ. ಬಗ್ಗಿದೆ. ತೆಂಗಿನೆಣ್ಣೆ, ಬಿಸಿಲು, ಅದರ ಕೆಳಗೆ ಸ್ವಲ್ಪ ಹುಳಿ, ಸ್ವಲ್ಪ ಬೆಚ್ಚಗಿನದು ಒಂದು. ಮಂಗಳೂರಿಗೆ ಹೊರಟ ದಿನ ಬಸ್ಸಿನಲ್ಲಿ ಹೆಂಡತಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ಗಮನಿಸಿರಲಿಲ್ಲ ಎಂದೆನಲ್ಲ, ಅದು ಸುಳ್ಳು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಉಂಟು," ಎಂದೆ.

"ಮತ್ತೆ, ಇಲ್ಲದೆ ಇರ್ತದಾ," ಎಂದು ಕಣ್ಣು ಮುಚ್ಚಿಕೊಂಡರು.

ಆ ವಾರವೇ ಅವರು ತೀರಿಕೊಂಡರು. ಮಗಳ ತಲೆಗೆ ಎಣ್ಣೆ ಹಚ್ಚುವ ಕೆಲಸವನ್ನು ಆಮೇಲೆ ನಾನು ಯಾರಿಗೂ ಬಿಟ್ಟುಕೊಡಲಿಲ್ಲ.