ಮೆಹರುನ್ನಿಸಾ ಮೇಡಂ ಗಟ್ಟಿಯಾಗಿ ಓದಿದ್ದು

ಬೆಳಿಗ್ಗೆ ಹತ್ತು ನಲವತ್ತಕ್ಕೆ ದವಾಖಾನೆಯ ಕಂಪ್ಯೂಟರಿನಲ್ಲಿ ಎಂಬತ್ನಾಲ್ಕು ಎಂಬ ಅಂಕಿ ಮೂಡಿತು. ಮೆಹರುನ್ನಿಸಾ ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಅವರು ಏನನ್ನೂ ಮನಸ್ಸಿನಲ್ಲೇ ಓದಿದ್ದನ್ನು ನಾನು ಕಂಡಿಲ್ಲ. ಬಸ್ಸಿನ ಬೋರ್ಡಾಗಲಿ, ಬಿಸ್ಕೀಟಿನ ಪೊಟ್ಟಣವಾಗಲಿ, ಬಾಯಿಬಿಟ್ಟೇ ಓದುವರು.

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಅವರದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಬಿಸಿಎ ಮುಗಿಸಿ ಬಂದ ನನಗೆ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆ ಕಲಿಸಿದವರು ಅವರೇ. ಮಾಹಿತಿ ಯಾವ ಬಗೆಯದೆಂದು ಹೇಳದೆ ‘ಎನಿ’, ಅಂದರೆ ಏನಾದರೂ ಸರಿ, ಎಂದು ಬರೆದರೆ ಕೆಣಕುವರು: “ಏನವಾ, ಇದೇನ ಸಂತಿ ಚೀಲೇನು? ಬದನಿಕಾಯಿ, ಚಪ್ಪಲಿ ಎಲ್ಲಾ ಒಂದರಾಗ ತುರಕಾಕ?” ಆಮೇಲೆ ಯಾವುದು ಯಾವ ಬಗೆಯದೆಂದು ಹೇಳುವ ಪಟ್ಟಿ, ಇಂಟರ್‌ಫೇಸ್, ಬರೆಸುವರು: ಹೆಸರು ಅಕ್ಷರದಲ್ಲಿ, ತೂಕ ಸಂಖ್ಯೆಯಲ್ಲಿ.

ಆ ದಿನ ದವಾಖಾನೆಯಲ್ಲಿ ನಮ್ಮ ಹೊಸ ಪ್ರೋಗ್ರಾಂ ಶುರುವಾಗಿತ್ತು. ಕಂಪ್ಯೂಟರಿನ ಪಕ್ಕದ ಮಂಚದ ಮೇಲೇ ನನ್ನ ಅಕ್ಕನ ಹಸುಗೂಸು ಮಲಗಿತ್ತು. ಕೂಸಿಗೆ ಎಂದಿನಂತೆ ಬೇಕಾದ ನೀರಿಗೆ ನಿಮಿಷಕ್ಕೆ ಎಂಟು ಹನಿ, ಭೇದಿಯಲ್ಲಿ ಹೋದದ್ದಕ್ಕೆ ನಾಲ್ಕು ಹನಿ. ಎರಡನ್ನೂ ಕೂಡಿಸಿ ಸಲೈನ್ ಒಟ್ಟು ಎಷ್ಟು ಹನಿ ಎಂದು ಪ್ರೋಗ್ರಾಂ ಹೇಳಬೇಕಿತ್ತು.

“ಎಂಬತ್ನಾಲ್ಕ ಹನಿ? ಇಷ್ಟ ಕೂಸಿಗಿ?” ಎಂದರು ಮೇಡಂ.

“ಕಂಪ್ಯೂಟರ್ ಹಂಗ ತೋರಸಾಕತ್ತೈತ್ರಿ,” ಎಂದಳು ಸಿಸ್ಟರ್. ಅವಳ ಬೆರಳು ಆಗಲೇ ಸಲೈನ್ ನಳಿಗೆಯ, ಹನಿ ಹೆಚ್ಚು ಕಡಿಮೆ ಮಾಡುವ ಪುಟ್ಟ ಗಾಲಿಯ ಮೇಲಿತ್ತು.

“ಸಿಸ್ಟರ್, ಕೈ ತಗೀರಿ. ಡಾಕ್ಟರ್‌ನ ಕರೀರಿ ಲಗೂನ.”

ಎಂಟಕ್ಕೆ ನಾಲ್ಕು ಕೂಡಿದರೆ ಹನ್ನೆರಡು. ಆದರೆ ತೆರೆಯ ಮೇಲೆ ತುಂಬಿದ ಅಂಕಿಗಳು ಪ್ರೋಗ್ರಾಂ ಒಳಗೆ ಅಕ್ಷರಗಳಾಗಿಯೇ ಹೋಗಿ, ಕೂಡುವ ಬದಲು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು. ಇಂಟರ್‌ಫೇಸ್‌ನಲ್ಲಿ ಸಂಖ್ಯೆ ಎಂದೇ ಬರೆದಿತ್ತು. ಆಫೀಸಿನವರೆಲ್ಲ ಅದನ್ನು ನಂಬಿದ್ದೆವು.

“ತಪ್ಪ ನಮ್ಮದ್ರಿ, ಸಿಸ್ಟರ್‌ದಲ್ಲ,” ಎಂದು ಮೇಡಂ ಡಾಕ್ಟರಿಗೆ ಹೇಳಿ ಪ್ರೋಗ್ರಾಂ ನಿಲ್ಲಿಸಿದರು. ಆಫೀಸಿಗೆ ಬಂದು ನನ್ನ ಕೈಗೆ ಚಹಾ ಕೊಟ್ಟರು. “ಇಂಟರ್‌ಫೇಸು ನಾವು ಬರಿಯೂವಾಗಷ್ಟ ಕಾಯ್ತೈತಿ. ಪ್ರೋಗ್ರಾಂ ಓಡಾಕ ಹತ್ತಿದ ಮ್ಯಾಲೆ ಅದು ಇರೂದ ಇಲ್ಲ. ಬಾಗಲಾಗ ನಿಂತು ತಡಿಯಾಕ ಕ್ಲಾಸ್ ಬರಿಯೂಣು ಬಾ.”

ಬರೆದೆವು. ಒಳಗೆ ಬರುವ ಪ್ರತಿ ಅಂಕಿಯನ್ನೂ ಪರೀಕ್ಷಿಸಿ ನಿಜವಾದ ಸಂಖ್ಯೆಯಾಗಿಸುವ, ಸಂಖ್ಯೆಯಾಗದಿದ್ದರೆ ಹಿಂದಕ್ಕೆ ಕಳಿಸುವ, ಕ್ಲಾಸ್ ಎಂಬ ಪ್ರೋಗ್ರಾಂ ತುಂಡು. ಆದರೂ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಗಾಲಿಯ ಮೇಲಿನ ಆ ಬೆರಳೇ ಕಾಣುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ.

ಮೇಡಂ ನರಗುಂದಕ್ಕೆ ಮನೆ ಬದಲಿಸುವ ದಿನ ನನ್ನನ್ನು ಮತ್ತೆ ದವಾಖಾನೆಗೆ ಕರೆದೊಯ್ದರು. “ಮನಸಿಗಿ ಬಂದಂಗ ತಪ್ಪ ಹೊಡಿ,” ಎಂದರು. ಹೊಡೆದೆ. ಪ್ರತಿ ಸಲವೂ ತೆರೆ ಕೆಂಪಾಗಿ ನಿರಾಕರಿಸಿತು. ಕೊನೆಗೆ ಎಂಟು, ನಾಲ್ಕು ಹೊಡೆದೆ.

“ಹನ್ನೆರಡು,” ಎಂದು ಮೇಡಂ ಗಟ್ಟಿಯಾಗಿ ಓದಿದರು. “ಕೇಳತಲ್ಲ? ಇನ್ನ ಮನಿಗಿ ಹೋಗಿ ಮಲ್ಕೊ.”

ಸಂಜೆ ಬಸ್ಸಿನ ಬೋರ್ಡನ್ನು ಬಾಯಿಬಿಟ್ಟು ಓದಿಯೇ ಹತ್ತಿದರು. ನಾನು ಅಕ್ಕನ ಮನೆಗೆ ಹೋಗಿ ಕೂಸಿನ ಪಕ್ಕ ಮಲಗಿದೆ. ರಾತ್ರಿ ಅದು ಅತ್ತಿತಂತೆ, ನನಗೆ ಕೇಳಲೇ ಇಲ್ಲ. ಎದ್ದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.